ಕರೆಂಟ್ ಬಂದರೂ ನೆಟ್ ಬರದ ಮನೆ: ನಾಲ್ಕು ಕಂಪ್ಯೂಟರಿನ ವೈಫೈ ರಿಪೇರಿ ದಿನಚರಿ

ಶನಿವಾರ ಸಂಜೆ

ಮೂರು ತಿಂಗಳಿಂದ ಅಣ್ಣ ಫೋನ್ ಮಾಡಿದಾಗೆಲ್ಲ ಒಂದೇ ಮಾತು. “ವೈಫೈ ಸರಿ ಇಲ್ಲ ಮಾರಾಯ. ಆಫ್ ಮಾಡಿ ಆನ್ ಮಾಡಿದ್ರೆ ಬರ್ತದೆ, ಮತ್ತೆ ಹೋಗ್ತದೆ.” ಫೋನಿನಲ್ಲಿ ಹೇಳಿ ಸರಿ ಮಾಡಿಸುವ ಕೆಲಸ ಇದಲ್ಲ ಅನ್ನಿಸಿತು. ಜುಲೈಯಲ್ಲಿ ಒಂದು ವಾರ ರಜೆ ಹಾಕಿ ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೊರಟೆ. ಬ್ಯಾಗಿನಲ್ಲಿ ಬಟ್ಟೆಯ ಜೊತೆ ನನ್ನ ಲ್ಯಾಪ್‌ಟಾಪ್, ಹತ್ತು ಮೀಟರ್ ಲ್ಯಾನ್ ಕೇಬಲ್ (ರೂಟರಿಗೆ ಕಂಪ್ಯೂಟರನ್ನು ಸೇರಿಸುವ ತಂತಿ), ಅದರ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಒಂದು ಮುಷ್ಟಿ ಆರ್‌ಜೆ 45 ಕನೆಕ್ಟರ್, ಎಂಟು ದೀಪದ ಕೇಬಲ್ ಟೆಸ್ಟರ್ ಇದ್ದವು.

ನಮ್ಮದು ಹಳೆಯ ಮನೆ. ಗೋಡೆಗಳು ಜಂಬಿಟ್ಟಿಗೆ ಕಲ್ಲಿನವು, ಒಂದೂವರೆ ಅಡಿ ದಪ್ಪ. ಕೆಳಗೆ ಜಗಲಿ, ನಡುಮನೆ, ಅಡುಗೆಮನೆ. ಮರದ ಮುಚ್ಚಿಗೆಯ ಮೇಲೆ ಉಪ್ಪರಿಗೆ, ಅದರ ಮೇಲೆ ಹಂಚಿನ ಮಾಡು. ಹತ್ತಿರದ ಮನೆ ಅಂದರೆ ಗದ್ದೆಯ ಆಚೆ, ಸುಮಾರು 300 ಮೀಟರ್ ದೂರ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ವೈಫೈ ರಿಪೇರಿಯಲ್ಲಿ ಅರ್ಧ ಕೆಲಸ ಮನೆಯನ್ನು ನೋಡುವುದೇ.

ಕಂಪ್ಯೂಟರ್ ನಾಲ್ಕು. ಜಗಲಿ ಪಕ್ಕದ ಕೋಣೆಯಲ್ಲಿ ಅಣ್ಣನ ಡೆಸ್ಕ್‌ಟಾಪ್. ತೋಟದ ಲೆಕ್ಕ, ಆಳುಗಳ ಸಂಬಳ, ಮನೆಯ ಹಳೆ ಫೋಟೋಗಳು ಎಲ್ಲ ಅದರಲ್ಲೇ. ಅದು ಕೇಬಲ್‌ನವರು ಕೊಟ್ಟ ಮೋಡೆಮ್‌ಗೆ ತಂತಿಯಲ್ಲೇ ಸೇರಿದೆ. ಉಪ್ಪರಿಗೆಯಲ್ಲಿ ಅತ್ತಿಗೆಯ ಲ್ಯಾಪ್‌ಟಾಪ್. ಅವರು ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದರ ಕೆಲಸ ಮಾಡುತ್ತಾರೆ. ಪಿಯುಸಿ ಓದುವ ಅಣ್ಣನ ಮಗಳು ಪುಟ್ಟಿಯದು ಇನ್ನೊಂದು, ನಡುಮನೆಯಲ್ಲಿ ಅಪ್ಪಯ್ಯ ಪೇಪರ್ ಓದುವ ಹಳೆಯದು ಮತ್ತೊಂದು. ಇವುಗಳ ಜೊತೆ ವೈಫೈ ಪ್ರಿಂಟರ್, ಟಿವಿ, ಐದು ಫೋನು, ಅಡಿಕೆ ಒಣಗಿಸುವ ಅಂಗಳದ ಕಡೆ ಒಂದು ಕ್ಯಾಮೆರಾ.

ಇಷ್ಟಕ್ಕೆಲ್ಲ ವೈಫೈ ಕೊಡಲು ಮೂರು ಪೆಟ್ಟಿಗೆ. ಜಗಲಿಯಲ್ಲಿ ಫೈಬರ್ ಬರುವ ಮೋಡೆಮ್. ಉಪ್ಪರಿಗೆಯಲ್ಲಿ ಅಣ್ಣ ತಂದ ರೂಟರ್, ಕೆಳಗಿನಿಂದ ಅಟ್ಟದ ಮೂಲಕ 28 ಮೀಟರ್ ಕೇಬಲ್. ಅಡುಗೆಮನೆಯ ಪ್ಲಗ್‌ನಲ್ಲಿ ಒಂದು ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಹಾಯಿಸುವ ಪೆಟ್ಟಿಗೆ. ಮೂರಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್.

ಮೊದಲ ಸಂಜೆ ನಾನು ಯಾವುದನ್ನೂ ಮುಟ್ಟಲಿಲ್ಲ. ಕಾಫಿ ಕುಡಿಯುತ್ತಾ ಎಲ್ಲರ ದೂರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅತ್ತಿಗೆಗೆ ಸಂಜೆ ಮೀಟಿಂಗಿನಲ್ಲಿ ಹತ್ತು ಹದಿನೈದು ಸೆಕೆಂಡ್ ಚಿತ್ರ ನಿಂತುಬಿಡುತ್ತದೆ. ಪುಟ್ಟಿಗೆ ಕೆಲವು ದಿನ ಪ್ರಿಂಟರ್ ಸಿಗುತ್ತದೆ, ಕೆಲವು ದಿನ ಇಲ್ಲ. ಉಪ್ಪರಿಗೆಯಿಂದ ಅಣ್ಣನ ಡೆಸ್ಕ್‌ಟಾಪಿನ ಫೋಲ್ಡರ್ ಕಾಣುವುದೇ ಇಲ್ಲ. ಅಪ್ಪಯ್ಯ ಹೇಳಿದ ಮಾತಿಗೆ ಮಾತ್ರ ಕೆಳಗೆ ಗೆರೆ ಎಳೆದೆ: “ಕರೆಂಟ್ ಹೋಗಿ ಬಂದ ಮೇಲೇ ಜಾಸ್ತಿ ತೊಂದ್ರೆ ನೋಡು.”

ರಾತ್ರಿ ಒಂದೇ ಒಂದು ಪರೀಕ್ಷೆ. ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ಎರಡು ತೆರೆದು, ಒಂದರಲ್ಲಿ ಮನೆಯ ಮೋಡೆಮ್‌ಗೆ, ಅಂದರೆ 192.168.1.1ಕ್ಕೆ, ಬಿಡದೆ ಪಿಂಗ್. ಪಿಂಗ್ ಅಂದರೆ “ಇದ್ದೀಯಾ?” ಅಂತ ಕೇಳಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ, ಅಂದರೆ ಗೂಗಲ್‌ನ ಸರ್ವರಿಗೆ, ಪಿಂಗ್. ತೊಂದರೆ ಮನೆಯೊಳಗಿನದೋ ಹೊರಗಿನದೋ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಹೊರಗಿನದು ಮಾತ್ರ ತಪ್ಪಿದರೆ ಕೇಬಲ್‌ನವರಿಗೆ ಫೋನ್ ಮಾಡಬೇಕು. ಮನೆಯ ಮೋಡೆಮ್‌ಗೇ ಪಿಂಗ್ ತಪ್ಪಿದರೆ ಅವರಿಗೆ ಫೋನ್ ಮಾಡಿ ಉಪಯೋಗವಿಲ್ಲ.

ತಂತಿಯಲ್ಲಿದ್ದ ಡೆಸ್ಕ್‌ಟಾಪಿನಿಂದ ಒಂದು ಗಂಟೆ ಓಡಿಸಿದೆ. ಮೋಡೆಮ್‌ಗೆ 1 ಮಿಲಿಸೆಕೆಂಡಿಗಿಂತ ಕಡಿಮೆ, ಹೊರಗೆ 15ರಿಂದ 20, ಒಂದೂ ಕಳೆದಿಲ್ಲ. ಮೋಡೆಮ್ ಪುಟದಲ್ಲಿ ಫೈಬರಿನ ಬೆಳಕಿನ ಮಟ್ಟ ಮೈನಸ್ 21 ಡಿಬಿಎಂ. ಡಿಬಿಎಂ ಅಂದರೆ ಸಿಗ್ನಲಿನ ಶಕ್ತಿಯ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಶಕ್ತಿ ಕಡಿಮೆ. ಇದು ಮೈನಸ್ 27ಕ್ಕಿಂತ ಕೆಳಗೆ ಇಳಿದರೆ ಚಿಂತೆ. ಆಮೇಲೆ ಅದೇ ಪರೀಕ್ಷೆ ಉಪ್ಪರಿಗೆಯಲ್ಲಿ, ವೈಫೈನಲ್ಲಿ. ಮೋಡೆಮ್‌ಗೇ ಒಮ್ಮೆ 4 ಮಿಲಿಸೆಕೆಂಡ್, ಒಮ್ಮೆ 380, ನಡುನಡುವೆ ಉತ್ತರವೇ ಇಲ್ಲ. ಅಲ್ಲಿಗೆ ಕೇಬಲ್‌ನವರ ಮೇಲಿನ ಅನುಮಾನ ಬಿಟ್ಟೆ. ತಪ್ಪು ಮನೆಯೊಳಗೇ ಇತ್ತು.

ಭಾನುವಾರ

ಬೆಳಿಗ್ಗೆ ಏಳಕ್ಕೆ ಕರೆಂಟ್ ಹೋಯಿತು. ಎಲ್ಲೋ ಲೈನ್ ಮೇಲೆ ಕೊಂಬೆ ಬಿದ್ದಿರಬೇಕು. ನಾನು ಕಾಯುತ್ತಿದ್ದದ್ದೇ ಇದನ್ನು. ಮೊಬೈಲಿನ ಗಡಿಯಾರ ಹಿಡಿದು ಉಪ್ಪರಿಗೆಯಲ್ಲಿ ಕೂತೆ.

ಕರೆಂಟ್ ಬಂದ 40 ಸೆಕೆಂಡಿಗೆ ಮೇಲಿನ ರೂಟರ್ ಎದ್ದಿತು. ಕೆಳಗಿನ ಮೋಡೆಮ್ ಪೂರ್ತಿ ಏಳಲು ಮೂರು ನಿಮಿಷ. ಆ ನಡುವೆ ಲ್ಯಾಪ್‌ಟಾಪುಗಳು, ಫೋನುಗಳು ಎಲ್ಲ ಮೇಲಿನ ರೂಟರಿಗೆ ಸೇರಿಕೊಂಡವು. ಮೋಡೆಮ್ ಎದ್ದ ಮೇಲೂ ನೆಟ್ ಇಲ್ಲ. ಅತ್ತಿಗೆಯ ಲ್ಯಾಪ್‌ಟಾಪಿನಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಅಂತ ಕೊಟ್ಟೆ, ಕಂಪ್ಯೂಟರಿಗೆ ಸಿಕ್ಕ ವಿಳಾಸ ತೋರಿಸುವ ಆಜ್ಞೆ ಅದು. ವಿಳಾಸ 192.168.0.104. ಡಿಎಚ್‌ಸಿಪಿ ಸರ್ವರ್ ಅನ್ನುವ ಸಾಲಿನಲ್ಲಿ 192.168.0.1. ನಮ್ಮ ಮೋಡೆಮ್ ಇರುವುದು 192.168.1.1ರಲ್ಲಿ! ಅಂದರೆ ಈ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಿದ್ದಾರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎರಡು ರೂಟರ್ ಇರುವ ಮನೆಗಳಲ್ಲಿ ಇದು ಸಾಮಾನ್ಯ. ಕಂಪ್ಯೂಟರ್ ವೈಫೈಗೆ ಸೇರಿದ ಕೂಡಲೇ “ನನಗೊಂದು ವಿಳಾಸ ಕೊಡಿ” ಅಂತ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಆ ಕೂಗಿಗೆ ಉತ್ತರ ಕೊಡುವ ವ್ಯವಸ್ಥೆಯೇ ಡಿಎಚ್‌ಸಿಪಿ. ಸಾಮಾನ್ಯವಾಗಿ ಯಾರು ಮೊದಲು ಉತ್ತರ ಕೊಡುತ್ತಾರೋ ಅವರದ್ದನ್ನೇ ಕಂಪ್ಯೂಟರ್ ತೆಗೆದುಕೊಳ್ಳುತ್ತದೆ. ವಿಳಾಸದ ಜೊತೆ “ಹೊರಗೆ ಹೋಗಬೇಕಾದರೆ ಈ ಬಾಗಿಲಿನಿಂದ ಹೋಗು” ಅಂತ ಗೇಟ್‌ವೇ ಕೂಡ ಹೇಳಿಕೊಡುತ್ತಾರೆ. ಮೇಲಿನ ರೂಟರ್ ತನ್ನನ್ನೇ ಬಾಗಿಲು ಅಂತ ಹೇಳುತ್ತಿತ್ತು. ಆದರೆ ಕೆಳಗಿನಿಂದ ಬಂದ ಕೇಬಲ್ಲನ್ನು ಯಾರೋ ಅದರ ವ್ಯಾನ್ ಪೋರ್ಟಿನಿಂದ (ಹೊರಗಿನ ನೆಟ್ ಬರುವ ತೂತು) ತೆಗೆದು ಲ್ಯಾನ್ ಪೋರ್ಟಿಗೆ (ಮನೆಯ ಕಂಪ್ಯೂಟರುಗಳ ತೂತು) ಹಾಕಿದ್ದರು. ವ್ಯಾನ್ ಖಾಲಿ. ಬಾಗಿಲಿನ ಆಚೆ ದಾರಿಯೇ ಇಲ್ಲ.

ಕೇಬಲ್ಲನ್ನು ಲ್ಯಾನಿಗೆ ಹಾಕಿದ್ದು ತಪ್ಪಲ್ಲ. ಮೊದಲು ವ್ಯಾನಿನಲ್ಲಿದ್ದಾಗ ಉಪ್ಪರಿಗೆ ಬೇರೆಯೇ ಒಂದು ನೆಟ್‌ವರ್ಕ್ ಆಗಿತ್ತು, ಪ್ರಿಂಟರ್ ಹುಡುಕುವ ಕೂಗು ಆ ಗಡಿ ದಾಟುತ್ತಿರಲಿಲ್ಲ. ಅದನ್ನು ಸರಿ ಮಾಡಲು ಬಂದವರು ಕೇಬಲ್ ಬದಲಿಸಿದ್ದಾರೆ, ಮೇಲಿನ ರೂಟರಿನ ಡಿಎಚ್‌ಸಿಪಿ ನಿಲ್ಲಿಸುವುದನ್ನು ಮರೆತಿದ್ದಾರೆ. ಅರ್ಧ ರಿಪೇರಿ. ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಮೋಡೆಮ್ ಮೊದಲು ಉತ್ತರ ಕೊಡುತ್ತಿತ್ತು, ಆಗ ನೆಟ್ ಬರುತ್ತಿತ್ತು. ಅಣ್ಣ ಹೇಳುತ್ತಿದ್ದದ್ದಕ್ಕೂ ಅಪ್ಪಯ್ಯ ಗಮನಿಸಿದ್ದಕ್ಕೂ ಇದೊಂದೇ ಕಾರಣ.

ಸರಿ ಮಾಡಲು ಹದಿನೈದು ನಿಮಿಷ. ಮೇಲಿನ ರೂಟರನ್ನು ಎಲ್ಲದರಿಂದ ಬಿಡಿಸಿ ನನ್ನ ಲ್ಯಾಪ್‌ಟಾಪಿಗೆ ಮಾತ್ರ ತಂತಿಯಲ್ಲಿ ಸೇರಿಸಿದೆ. ಅದರ ವಿಳಾಸವನ್ನು 192.168.1.2 ಮಾಡಿದೆ. ಅದು ಮತ್ತೆ ಎದ್ದ ಮೇಲೆ ಡಿಎಚ್‌ಸಿಪಿ ಆಫ್. ಇಲ್ಲೊಂದು ಎಚ್ಚರ ಬೇಕು: ಡಿಎಚ್‌ಸಿಪಿ ಆಫ್ ಆದ ಕೂಡಲೇ ನಿಮ್ಮ ಲ್ಯಾಪ್‌ಟಾಪಿಗೂ ವಿಳಾಸ ಕೊಡುವವರು ಇರುವುದಿಲ್ಲ, ರೂಟರಿನ ಪುಟ ತೆರೆಯುವುದಿಲ್ಲ. ನಾನು ಕೈಯಾರೆ 192.168.1.50 ಅಂತ ಹಾಕಿಕೊಂಡು ಮತ್ತೆ ಒಳಗೆ ಹೋಗಿ ನೋಡಿದೆ. ಹೊಸ ರೂಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತದೆ, ಒಂದು ಒತ್ತಿನಲ್ಲಿ ಇದೆಲ್ಲ ಆಗುತ್ತದೆ. ಇದರಲ್ಲಿ ಇರಲಿಲ್ಲ.

ಆಮೇಲೆ ಪ್ರಿಂಟರ್. ಅದಕ್ಕೆ ಯಾರೋ 192.168.1.10 ಅಂತ ಸ್ಥಿರ ವಿಳಾಸ ಕೊಟ್ಟಿದ್ದರು. ಒಳ್ಳೆಯದೇ. ಆದರೆ ಮೋಡೆಮ್ ಹಂಚುವ ವಿಳಾಸಗಳು 2ರಿಂದ 254ರವರೆಗೆ, ಅಂದರೆ 10 ಕೂಡ ಅದರೊಳಗೇ. ಪ್ರಿಂಟರ್ ಆಫ್ ಇದ್ದಾಗ ಆ ವಿಳಾಸ ಖಾಲಿ ಅಂತ ತಿಳಿದು ಮೋಡೆಮ್ ಅದನ್ನು ಇನ್ನೊಬ್ಬರಿಗೆ ಕೊಡುತ್ತದೆ. ಮಧ್ಯಾಹ್ನ ಡೆಸ್ಕ್‌ಟಾಪಿನಲ್ಲಿ ಯಾವ ವಿಳಾಸದಲ್ಲಿ ಯಾವ ಯಂತ್ರ ಇದೆ ಅಂತ ತೋರಿಸುವ ಎಆರ್‌ಪಿ ಹೈಫನ್ ಎ ಆಜ್ಞೆ ಕೊಟ್ಟಾಗ 192.168.1.10ರ ಎದುರು ಪ್ರಿಂಟರಿನ ಮ್ಯಾಕ್ ಅಡ್ರೆಸ್, ಅಂದರೆ ಯಂತ್ರದ ಗುರುತಿನ ಸಂಖ್ಯೆ, ಇತ್ತು. ಸಂಜೆ ಪ್ರಿಂಟರ್ ಆಫ್ ಮಾಡಿಸಿ, ಪುಟ್ಟಿಗೆ ಅವಳ ಫೋನಿನ ವೈಫೈ ಆನ್ ಮಾಡಲು ಹೇಳಿ, ಆಮೇಲೆ ಮತ್ತೆ ನೋಡಿದೆ. ಅದೇ ವಿಳಾಸದ ಎದುರು ಬೇರೆ ಮ್ಯಾಕ್, ಎರಡನೇ ಅಕ್ಷರ ‘ಎ’. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ಮ್ಯಾಕ್ ಅಲ್ಲ. ಈಗಿನ ಫೋನುಗಳು ಗುರುತು ಮರೆಸಲು ತಾವೇ ಹುಟ್ಟಿಸಿಕೊಳ್ಳುವ ಮ್ಯಾಕ್ ಹೀಗೇ ಇರುತ್ತದೆ.

ಮೋಡೆಮ್‌ನಲ್ಲಿ ಹಂಚುವ ವಿಳಾಸಗಳನ್ನು 100ರಿಂದ 200ಕ್ಕೆ ಸೀಮಿತ ಮಾಡಿದೆ. 1ರಿಂದ 99 ಸ್ಥಿರವಾಗಿ ಇರುವವರಿಗೆ: ಮೋಡೆಮ್ 1, ಮೇಲಿನ ರೂಟರ್ 2, ಪ್ರಿಂಟರ್ 10, ಡೆಸ್ಕ್‌ಟಾಪ್ 20, ಕ್ಯಾಮೆರಾ 30.

ಸೋಮವಾರ

ವಿಳಾಸದ ಗೊಂದಲ ಹೋಯಿತು. ನೆಟ್ ಇಲ್ಲ ಅನ್ನುವ ದೂರು ನಿಂತಿತು. ಆದರೆ ಅತ್ತಿಗೆಯ ಸಂಜೆಯ ಮೀಟಿಂಗ್ ಮೊದಲಿನ ಹಾಗೆಯೇ. “ಬೆಳಿಗ್ಗೆ ಚೆನ್ನಾಗಿರ್ತದೆ, ಕಾಫಿ ಕುಡಿದು ಬಂದ ಮೇಲೆ ಹಾಳಾಗ್ತದೆ” ಅಂದರು. ಕಾಫಿಗೂ ವೈಫೈಗೂ ಏನು ಸಂಬಂಧ ಅಂತ ಅವರ ಹಿಂದೆಯೇ ಹೋದೆ. ನಾಲ್ಕು ಗಂಟೆಗೆ ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಬರುತ್ತಾರೆ, ಮಳೆ ನೋಡುತ್ತಾ ಅರ್ಧ ಗಂಟೆ ಕೂರುತ್ತಾರೆ, ಮತ್ತೆ ಉಪ್ಪರಿಗೆಗೆ.

ಮೇಲೆ ಹೋದ ಮೇಲೆ ಅವರ ಲ್ಯಾಪ್‌ಟಾಪಿನಲ್ಲಿ ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್ ಅಂತ ಕೊಟ್ಟೆ, ವೈಫೈ ಸಂಪರ್ಕದ ವಿವರ ತೋರಿಸುವ ಆಜ್ಞೆ. ಸಿಗ್ನಲ್ 36 ಶೇಕಡ. ವಿಂಡೋಸ್ ಇದನ್ನು ಶೇಕಡದಲ್ಲಿ ಹೇಳುತ್ತದೆ. ಅರ್ಧ ಮಾಡಿ 100 ಕಳೆದರೆ ಹತ್ತಿರ ಹತ್ತಿರ ಡಿಬಿಎಂ ಸಿಗುತ್ತದೆ. ಅಂದರೆ ಮೈನಸ್ 82. ಮೇಲಿನ ರೂಟರಿನಿಂದ ಮೂರು ಮೀಟರ್ ದೂರದಲ್ಲಿ ಕೂತು ಇಷ್ಟು ಕಡಿಮೆ ಬರಲು ಸಾಧ್ಯವಿಲ್ಲ. ಯಾವ ಪೆಟ್ಟಿಗೆಗೆ ಸೇರಿದೆ ಅಂತ ಹೇಳುವ ಗುರುತು, ಬಿಎಸ್‌ಎಸ್‌ಐಡಿ, ನೋಡಿದರೆ ಅದು ಇನ್ನೂ ಜಗಲಿಯ ಮೋಡೆಮ್ಮಿಗೇ ಅಂಟಿಕೊಂಡಿದೆ, ಎರಡು ಗೋಡೆ ದಾಟಿ.

ಒಂದೇ ಹೆಸರಿನ ಎರಡು ಪೆಟ್ಟಿಗೆ ಇದ್ದರೆ ಲ್ಯಾಪ್‌ಟಾಪ್ ತಾನಾಗಿ ಹತ್ತಿರದ್ದಕ್ಕೆ ಹೋಗುತ್ತದೆ ಅಂತ ನಾವೆಲ್ಲ ನಂಬಿರುತ್ತೇವೆ, ಅಲ್ವಾ? ಯಾವುದಕ್ಕೆ ಸೇರಬೇಕು, ಯಾವಾಗ ಬಿಡಬೇಕು ಅನ್ನುವುದನ್ನು ಲ್ಯಾಪ್‌ಟಾಪೇ ತೀರ್ಮಾನಿಸುತ್ತದೆ, ರೂಟರ್ ಅಲ್ಲ. ಕೆಲವು ಲ್ಯಾಪ್‌ಟಾಪುಗಳು ಹಿಡಿದದ್ದನ್ನು ಕೊನೆಯ ಉಸಿರಿನವರೆಗೆ ಬಿಡುವುದಿಲ್ಲ.

ಅಂದು ಸಂಜೆಯೆಲ್ಲ ಲ್ಯಾಪ್‌ಟಾಪ್ ಹಿಡಿದು ಮನೆ ಸುತ್ತಿದೆ. ಪ್ರತಿ ಕೋಣೆಯಲ್ಲಿ ಒಂದು ನಿಮಿಷ ನಿಂತು ಸಿಗ್ನಲ್ ಬರೆದುಕೊಂಡೆ. ಮೋಡೆಮ್ ಎದುರು ಜಗಲಿಯಲ್ಲಿ ಮೈನಸ್ 40. ಒಂದು ಜಂಬಿಟ್ಟಿಗೆ ಗೋಡೆ ದಾಟಿ ನಡುಮನೆಗೆ ಬಂದರೆ ಮೈನಸ್ 59. ಎರಡನೇ ಗೋಡೆ ದಾಟಿ ಅಡುಗೆಮನೆಗೆ ಹೋದರೆ ಮೈನಸ್ 77. ಡಿಬಿ ಲೆಕ್ಕದಲ್ಲಿ 10 ಇಳಿದರೆ ಶಕ್ತಿ ಹತ್ತನೇ ಒಂದು ಭಾಗ ಆಗುತ್ತದೆ. ಒಂದು ಗೋಡೆಗೆ 18, 19 ಇಳಿದಿದೆ ಅಂದರೆ ನೂರರಲ್ಲಿ ಒಂದೆರಡು ಭಾಗ ಮಾತ್ರ ಆಚೆ ಹೋಗುತ್ತಿದೆ. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ಮಳೆಗಾಲದಲ್ಲಿ ನೀರು ಹೀರಿಕೊಂಡಿರುತ್ತದೆ. ನೀರು ಈ ಅಲೆಗಳನ್ನು ಚೆನ್ನಾಗಿ ನುಂಗುತ್ತದೆ.

ಆಮೇಲೆ ಮೇಲಿನ ರೂಟರನ್ನು ಅಳೆದೆ. ಉಪ್ಪರಿಗೆಯಲ್ಲಿ ಮೈನಸ್ 42. ಅದರ ನೇರ ಕೆಳಗೆ, ಮರದ ಮುಚ್ಚಿಗೆ ದಾಟಿದರೆ ಮೈನಸ್ 51. ಬರೀ 9 ಇಳಿದಿದೆ! ನಮ್ಮ ಮನೆಯಲ್ಲಿ ವೈಫೈ ಅಡ್ಡಕ್ಕೆ ಹೋಗುವುದಿಲ್ಲ, ಮೇಲಿಂದ ಕೆಳಕ್ಕೆ ಚೆನ್ನಾಗಿ ಇಳಿಯುತ್ತದೆ. ಈ ಒಂದು ಅಂಕಿ ನೋಡಿ ನನಗೆ ತುಂಬ ಖುಷಿಯಾಯಿತು. ಮನೆಯ ನಕ್ಷೆಯನ್ನೇ ತಿರುಗಿಸಿ ನೋಡಿದ ಹಾಗೆ. ನಡುಮನೆಗೆ, ಅಡುಗೆಮನೆಗೆ ಜಗಲಿಯಿಂದ ವೈಫೈ ಕಳಿಸಲು ಒದ್ದಾಡುವುದು ಬೇಡ, ಉಪ್ಪರಿಗೆಯಿಂದ ಇಳಿಸಿದರೆ ಸಾಕು.

ಮೇಲಿನ ರೂಟರ್ ಕಬ್ಬಿಣದ ಬೀರುವಿನ ಹಿಂದೆ ಇತ್ತು. ಅಲ್ಲಿಂದ ತೆಗೆದು ನಡುಮನೆಗೂ ಅಡುಗೆಮನೆಗೂ ಮಧ್ಯ ಬರುವಂತೆ ತೊಲೆಯ ಬದಿಯಲ್ಲಿ ಮರದ ಹಲಗೆ ಹೊಡೆದು ಇಟ್ಟೆ. ಕೆಳಗೆ ಅಡುಗೆಮನೆಯಲ್ಲಿ ಮೈನಸ್ 56 ಬಂತು. ಆಮೇಲೆ ರಿಪೀಟರನ್ನು ಪ್ಲಗ್‌ನಿಂದ ಕಿತ್ತು ಡಬ್ಬಕ್ಕೆ ಹಾಕಿದೆ. ಈ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕು. ಪ್ರತಿ ಮಾತಿಗೂ ಎರಡು ಪಟ್ಟು ಹೊತ್ತು. ತಂತಿ ಎಳೆಯಲು ಆಗುವ ಮನೆಯಲ್ಲಿ ರಿಪೀಟರ್ ಇಡುವುದು ನನಗೆ ಒಪ್ಪಿಗೆ ಇಲ್ಲ.

ಇನ್ನು ಚಾನೆಲ್ ವಿಷಯ, ಅಂದರೆ ಪ್ರತಿ ವೈಫೈ ಪೆಟ್ಟಿಗೆ ಮಾತಾಡುವ ರೇಡಿಯೋ ಅಲೆಯ ಜಾಗ. ಬೆಂಗಳೂರಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಹುಡುಕಿದರೆ ಮೂವತ್ತು ವೈಫೈ ಕಾಣುತ್ತವೆ. ಇಲ್ಲಿ ಕಂಡದ್ದು ಮೂರೇ, ಮೂರೂ ನಮ್ಮವೇ. ಹಾಗಿದ್ದೂ ಒಂದರ ಮೇಲೊಂದು ಬಿದ್ದಿದ್ದವು: ಮೋಡೆಮ್ 6ರಲ್ಲಿ, ರಿಪೀಟರ್ ಅದೇ 6ರಲ್ಲಿ, ಮೇಲಿನ ರೂಟರ್ 8ರಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ ಇವೆ, ಆದರೆ ಒಂದರಿಂದ ಇನ್ನೊಂದಕ್ಕೆ ಅಂತರ 5 ಮೆಗಾಹರ್ಟ್ಸ್ ಮಾತ್ರ. ವೈಫೈಗೆ ಬೇಕಾದ ಅಗಲ 20. ಹಾಗಾಗಿ 1, 6, 11 ಹೀಗೆ ದೂರ ದೂರ ಇಟ್ಟರೆ ಮಾತ್ರ ಒಂದಕ್ಕೊಂದು ತಾಗದೆ ಕೂರುತ್ತವೆ. 6 ಮತ್ತು 8 ಅರ್ಧಂಬರ್ಧ ಮೈಮೇಲೆ ಬೀಳುತ್ತವೆ, ಅದು ಒಂದೇ ಚಾನೆಲ್‌ಗಿಂತ ಕೆಟ್ಟದ್ದು. ಒಂದೇ ಚಾನೆಲ್‌ನಲ್ಲಿದ್ದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳಿಸಿಕೊಂಡು ಕಾಯುತ್ತಾರೆ. ಅರ್ಧ ತಾಗಿದರೆ ಅದು ಬರೀ ಗದ್ದಲವಾಗಿ ಕೇಳುತ್ತದೆ. ಮೋಡೆಮ್ ಅನ್ನು 1ಕ್ಕೆ, ಮೇಲಿನದನ್ನು 11ಕ್ಕೆ ಹಾಕಿ, ಎರಡರಲ್ಲೂ ಅಗಲ 20 ಅಂತ ಬಿಗಿ ಮಾಡಿದೆ.

ಮೇಲಿನ ರೂಟರಿನ 5 ಗಿಗಾಹರ್ಟ್ಸ್ ಅನ್ನು ಚಾನೆಲ್ 36ರಲ್ಲಿಟ್ಟು ಅದಕ್ಕೆ ಬೇರೆ ಹೆಸರು ಕೊಟ್ಟೆ. ಅತ್ತಿಗೆಯ ಲ್ಯಾಪ್‌ಟಾಪಿನಲ್ಲಿ ಹಳೆಯ ಹೆಸರನ್ನು ಅಳಿಸಿ ಇದನ್ನು ಮಾತ್ರ ಉಳಿಸಿದೆ. ಎಲ್ಲದಕ್ಕೂ ಒಂದೇ ಹೆಸರಿರಬೇಕು ಅನ್ನುವವರು ಇದ್ದಾರೆ, ಓಡಾಡುವ ಫೋನಿಗೆ ಅದು ಸರಿ. ದುಡಿಮೆಯ ಲ್ಯಾಪ್‌ಟಾಪ್ ತಪ್ಪು ಕಡೆ ಅಂಟಿಕೊಳ್ಳುವ ದಾರಿಯನ್ನೇ ಮುಚ್ಚುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಜಗಲಿಯಲ್ಲಿ ಅವರಿಗೆ ಸಿಗ್ನಲ್ ಸ್ವಲ್ಪ ಕಡಿಮೆ, ಮೈನಸ್ 70. ಕಾಫಿ ಹೊತ್ತಿಗೆ ಅಷ್ಟು ಸಾಕು ಅಂದರು.

ಮಂಗಳವಾರ

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಸಂಜೆ ಆರೂಕಾಲಿಗೆ ಮೀಟಿಂಗ್ ಮತ್ತೆ ನಿಂತಿತು. ಮೊದಲಿನಷ್ಟು ಸಲ ಅಲ್ಲ, ಆದರೂ ನಿಂತಿತು. ಸಿಗ್ನಲ್ ಮೈನಸ್ 45, ಗಾಳಿಯಲ್ಲಿ ದೋಷ ಇಲ್ಲ. ಹಾಗಾದರೆ ಎಲ್ಲಿ?

ನನ್ನ ಲ್ಯಾಪ್‌ಟಾಪನ್ನು ಮೇಲಿನ ರೂಟರಿಗೆ ತಂತಿಯಲ್ಲೇ ಸೇರಿಸಿ ಎರಡು ಪಿಂಗ್ ಹಾಕಿದೆ. ಒಂದು 192.168.1.2ಕ್ಕೆ, ಅಂದರೆ ಪಕ್ಕದಲ್ಲೇ ಇರುವ ರೂಟರಿಗೆ. ಇನ್ನೊಂದು 192.168.1.1ಕ್ಕೆ, ಅಟ್ಟದ ಕೇಬಲ್ ದಾಟಿ ಕೆಳಗಿನ ಮೋಡೆಮ್ಮಿಗೆ. ಮೊದಲನೆಯದು ಒಂದೂ ತಪ್ಪಲಿಲ್ಲ. ಎರಡನೆಯದರಲ್ಲಿ ನೂರಕ್ಕೆ ಐದಾರು ಕಳೆಯುತ್ತಿದ್ದವು. ವೈಫೈ ಇದರಲ್ಲಿ ಇಲ್ಲವೇ ಇಲ್ಲ. ಮೂರು ತಿಂಗಳಿಂದ ವೈಫೈ ಮೇಲೆ ಹೊರಿಸಿದ್ದ ತಪ್ಪಿನಲ್ಲಿ ಒಂದು ಪಾಲು ತಂತಿಯದ್ದು.

ಡೆಸ್ಕ್‌ಟಾಪಿನಲ್ಲಿ ಐಪರ್ಫ್ ಅನ್ನುವ ಸಾಫ್ಟ್‌ವೇರ್ ಹಾಕಿ ಮನೆಯೊಳಗಿನ ತಂತಿಯ ವೇಗ ಅಳೆದೆ. ಸೆಕೆಂಡಿಗೆ 94 ಮೆಗಾಬಿಟ್ ದಾಟುತ್ತಿಲ್ಲ, ಕೆಲವು ಸಲ 60ಕ್ಕೆ ಇಳಿಯುತ್ತದೆ. ಈ 94 ಅನ್ನುವ ಅಂಕಿ ಕಂಡರೆ ಕಿವಿ ನೆಟ್ಟಗಾಗಬೇಕು. 100 ಮೆಗಾಬಿಟ್ ಲಿಂಕಿನಲ್ಲಿ ಖರ್ಚು ಕಳೆದು ಉಳಿಯುವುದೇ ಅಷ್ಟು. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇರುವಾಗ ಸುಮಾರು 940 ಬರಬೇಕು. ಮೋಡೆಮ್ಮಿನ ಪೋರ್ಟ್ ಬದಲಿಸಿ ನೋಡಿದೆ. ನಾಲ್ಕರಲ್ಲಿ ಒಂದು ಪೋರ್ಟ್ ಮೇ ತಿಂಗಳ ಸಿಡಿಲಿಗೆ ಆಗಲೇ ಸತ್ತಿತ್ತು. ಇನ್ನೊಂದರಲ್ಲಿ ಡೆಸ್ಕ್‌ಟಾಪ್. ಉಳಿದ ಎರಡರಲ್ಲೂ ಅದೇ ಕಥೆ. ಕೇಬಲ್ಲೇ ತಪ್ಪು.

ಅಟ್ಟ ಹತ್ತಿದೆ. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಅಡಿಕೆ ಮೂಟೆಗಳ ಹಿಂದೆ ಕೇಬಲ್ಲಿನ ಮೇಲೆ ಇಲಿ ಹಲ್ಲಿನ ಗುರುತು. ಅಣ್ಣ ಕೆಳಗಿನಿಂದಲೇ “ಇಲಿನಾ? ನಂಗೊತ್ತಿತ್ತು” ಅಂದ. ನಾನೂ ಹಾಗೇ ಅಂದುಕೊಂಡೆ. ಆದರೆ ಟೆಸ್ಟರ್ ಹಾಕಿದಾಗ 1ರಿಂದ 8ರವರೆಗೆ ಎಂಟೂ ದೀಪ ಸಾಲಾಗಿ ಹತ್ತಿದವು. ಇಲಿ ಹೊರಗಿನ ಪದರ ಮಾತ್ರ ಕೆರೆದಿತ್ತು.

ಅರ್ಧ ಗಂಟೆ ತಲೆ ಕೆರೆದುಕೊಂಡೆ. ಎಂಟೂ ತಂತಿ ಸರಿ ಇವೆ, ಆದರೂ ಕೇಬಲ್ ಕೆಲಸ ಮಾಡುವುದಿಲ್ಲ. ಕೊನೆಗೆ ಕನೆಕ್ಟರನ್ನು ಬೆಳಕಿಗೆ ಹಿಡಿದು ಬಣ್ಣ ಓದಿದೆ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ಹಸಿರು, ಬಿಳಿ ನೀಲಿ, ನೀಲಿ, ಬಿಳಿ ಕಂದು, ಕಂದು. ನೋಡಲು ಎಷ್ಟು ಚಂದ, ಜೋಡಿ ಜೋಡಿಯಾಗಿ ಸಾಲಾಗಿ. ಅದೇ ತಪ್ಪು.

ಲ್ಯಾನ್ ಕೇಬಲ್ಲಿನಲ್ಲಿ ಎರಡೆರಡು ತಂತಿಗಳನ್ನು ಹೆಣೆದಿರುತ್ತಾರೆ. ಹೊರಗಿನ ಗದ್ದಲ ಹೆಣೆದ ಎರಡೂ ತಂತಿಗೆ ಒಂದೇ ಸಮ ಬೀಳುತ್ತದೆ. ಆ ಕಡೆ ಕೇಳುವವನು ಎರಡರ ವ್ಯತ್ಯಾಸ ಮಾತ್ರ ನೋಡುತ್ತಾನೆ, ಗದ್ದಲ ಕಳೆದುಹೋಗುತ್ತದೆ. ಆದರೆ ಪೋರ್ಟ್ ಜೋಡಿ ಅಂತ ತಿಳಿಯುವುದು 1-2, 3-6, 4-5, 7-8. ಇಲ್ಲಿ 3ರಲ್ಲಿ ಹಸಿರು ಜೋಡಿಯ ತಂತಿ, 6ರಲ್ಲಿ ನೀಲಿ ಜೋಡಿಯದು. ಬೇರೆ ಬೇರೆ ಹೆಣಿಗೆಯ ಎರಡು ತಂತಿಯನ್ನು ಜೋಡಿ ಅಂತ ಕೊಟ್ಟರೆ ಹೆಣಿಗೆಯ ಉಪಯೋಗವೇ ಹೋಯಿತು. ದೀಪದ ಟೆಸ್ಟರ್ ತಂತಿ ಈ ಕಡೆಯಿಂದ ಆ ಕಡೆಗೆ ಮುಟ್ಟಿದೆಯೋ ಅಂತ ಮಾತ್ರ ನೋಡುತ್ತದೆ, ಯಾವುದರ ಜೊತೆ ಯಾವುದು ಹೆಣೆದಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಂದು ಮೀಟರ್ ತುಂಡಾಗಿದ್ದರೆ ಹೇಗೋ ನಡೆಯುತ್ತಿತ್ತು. ಇದು 28 ಮೀಟರ್. ಜೊತೆಗೆ ಬಾವಿ ಪಂಪಿನ ವೈರಿನ ಪಕ್ಕದಲ್ಲೇ ಹತ್ತು ಮೀಟರ್ ಓಡಿದೆ. ಸಂಜೆ ಆರರ ಮೇಲೆ ಅಣ್ಣ ತೋಟದಿಂದ ಬಂದು ಪಂಪ್ ಹಾಕುತ್ತಾನೆ. ಔಷಧಿ ಹೊಡೆಯುವ ದಿನಗಳು ಬೇರೆ, ಮೈಲುತುತ್ತದ ಡ್ರಮ್ ತೊಳೆಯಲು ನೀರು ಜಾಸ್ತಿ ಬೇಕು. ಪರೀಕ್ಷೆಗೆ ಅಣ್ಣನಿಂದ ಪಂಪ್ ಹಾಕಿಸಿ, ನಿಲ್ಲಿಸಿ ನೋಡಿದೆ. ಹಾಕಿದಾಗ ಪಿಂಗ್ ತಪ್ಪುತ್ತದೆ, ನಿಲ್ಲಿಸಿದರೆ ಸರಿ. ಮೂರು ಸಲವೂ ಹಾಗೇ.

ಎರಡೂ ತುದಿ ಕತ್ತರಿಸಿದೆ. ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿದೆ, ಒಳಗೂ ಕೆಂಪಗೆ ತಾಮ್ರವೇ. ಅಗ್ಗದ ಕೇಬಲ್ಲುಗಳಲ್ಲಿ ಒಳಗೆ ಅಲ್ಯುಮಿನಿಯಂ ಇದ್ದು ಬೆಳ್ಳಗೆ ಕಾಣುತ್ತದೆ. ಹಾಗಿದ್ದರೆ ಇಡೀ ಕೇಬಲ್ ಬದಲಿಸುತ್ತಿದ್ದೆ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಈ ಕ್ರಮದಲ್ಲಿ ಎರಡೂ ಕಡೆ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದೆ. ಹೆಣಿಗೆಯನ್ನು ಒಂದು ಸೆಂಟಿಮೀಟರಿಗಿಂತ ಜಾಸ್ತಿ ಬಿಚ್ಚಲಿಲ್ಲ. ಐಪರ್ಫ್‌ನಲ್ಲಿ 938 ಬಂತು. ಪಂಪ್ ಹಾಕಿದರೂ 938. ಖರ್ಚಾದದ್ದು ಎರಡು ಕನೆಕ್ಟರ್. ಆದರೂ ಕೇಬಲ್ಲನ್ನು ಪಂಪಿನ ವೈರಿನಿಂದ ಒಂದು ಅಡಿ ದೂರ ಸರಿಸಿ, ಇಲಿಗಾಗಿ ಪಿವಿಸಿ ಪೈಪಿನೊಳಗೆ ಹಾಕಿದೆ.

ಬುಧವಾರ

ಉಳಿದದ್ದು ಸಣ್ಣ ಕೆಲಸ. ಡೆಸ್ಕ್‌ಟಾಪಿನ ಫೋಲ್ಡರ್ ಇನ್ನೂ ಯಾರಿಗೂ ಕಾಣುತ್ತಿರಲಿಲ್ಲ. ಅದರಲ್ಲಿ ನೆಟ್‌ವರ್ಕಿನ ಹೆಸರು ನೆಟ್‌ವರ್ಕ್ 4 ಅಂತ ಇತ್ತು. ಗೇಟ್‌ವೇ ಬದಲಾದಾಗೆಲ್ಲ ವಿಂಡೋಸ್ ಇದು ಹೊಸ ಜಾಗ ಅಂತ ತಿಳಿದು ಹೊಸ ಹೆಸರು ಕೊಟ್ಟು, ಪಬ್ಲಿಕ್ ಅಂತ ಗುರುತು ಹಾಕಿ, ಬಾಗಿಲು ಮುಚ್ಚಿಕೊಂಡಿತ್ತು. ಪ್ರೈವೇಟ್ ಅಂತ ಬದಲಿಸಿದೆ, ಬೇರೆ ಕಂಪ್ಯೂಟರುಗಳಿಗೆ ಕಾಣಿಸಿಕೊಳ್ಳುವ ನೆಟ್‌ವರ್ಕ್ ಡಿಸ್ಕವರಿ ಆನ್ ಮಾಡಿದೆ, ಎಲ್ಲರಿಗೂ ಬೇರೆ ಬೇರೆ ಬಳಕೆದಾರರ ಹೆಸರು ಕೊಟ್ಟೆ. ಪುಟ್ಟಿ ಅಜ್ಜಿಯ ಕಾಲದ ಫೋಟೋಗಳ 6 ಜಿಬಿ ಫೋಲ್ಡರನ್ನು ತನ್ನ ಲ್ಯಾಪ್‌ಟಾಪಿಗೆ ಎಳೆದುಕೊಂಡಳು. ಎರಡು ನಿಮಿಷ ಚಿಲ್ಲರೆ ಹಿಡಿಯಿತು. “ಚಿಕ್ಕಪ್ಪ, ಪೆನ್‌ಡ್ರೈವ್ ಬೇಡ್ವಾ ಇನ್ನು?” ಅಂತ ಕೇಳಿದಳು.

ಮೋಡೆಮ್‌ಗೂ ಮೇಲಿನ ರೂಟರಿಗೂ ತೀರ್ಥಹಳ್ಳಿಯಿಂದ ಎರಡು ಸಣ್ಣ ಯುಪಿಎಸ್ ತಂದೆವು. ತರುವ ಮೊದಲು ಎರಡರ ಅಡಾಪ್ಟರಿನ ಮೇಲೆ ಬರೆದಿರುವುದನ್ನು ಓದಿಕೊಂಡೆ: ಮೋಡೆಮ್ 12 ವೋಲ್ಟ್ 1.5 ಆಂಪ್, ರೂಟರ್ 12 ವೋಲ್ಟ್ 1 ಆಂಪ್. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪ್ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಸಿಡಿಲಿನ ದಿನ ಏನು ಮಾಡಬೇಕು ಅಂತ ಅಣ್ಣನಿಗೆ ತೋರಿಸಿದೆ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಬರುವುದಿಲ್ಲ. ಬರುವುದು ಪವರ್ ಅಡಾಪ್ಟರಿನಿಂದ, ಉದ್ದದ ಲ್ಯಾನ್ ಕೇಬಲ್ಲಿನಿಂದ. ಗುಡುಗು ಶುರುವಾದರೆ ಆ ಎರಡನ್ನೂ ಕಿತ್ತಿಡಬೇಕು.

ಒಂದು ಹಾಳೆಯಲ್ಲಿ ಮನೆಯ ನಕ್ಷೆ, ಪೆಟ್ಟಿಗೆಗಳ ವಿಳಾಸ, ಚಾನೆಲ್, ಯಾವ ಕೇಬಲ್ ಯಾವ ಪೋರ್ಟಿಗೆ ಅಂತ ಬರೆದು ಜಗಲಿಯಲ್ಲಿ ಪಂಚಾಂಗ ತೂಗುವ ಮೊಳೆಗೆ ಸಿಕ್ಕಿಸಿದೆ. ಮುಂದೆ ಯಾರಾದರೂ ರಿಪೇರಿಗೆ ಬಂದರೆ ಮೊದಲು ಅದನ್ನು ಓದಲಿ ಅಂತ.

ಸಂಜೆ ಕೊನೆಯ ಪರೀಕ್ಷೆ. ಅತ್ತಿಗೆ ಮೀಟಿಂಗಿನಲ್ಲಿ ಇದ್ದರು, ಪುಟ್ಟಿ ಪಾಠದ ವಿಡಿಯೋ ನೋಡುತ್ತಿದ್ದಳು, ಟಿವಿ ಓಡುತ್ತಿತ್ತು, ಅಣ್ಣ ಪಂಪ್ ಹಾಕಿದ. ಅತ್ತಿಗೆಯನ್ನು ಮೊದಲೇ ಕೇಳಿಕೊಂಡು ನಾನು ಮೇನ್ ಸ್ವಿಚ್ ಇಳಿಸಿದೆ. ಪಂಪ್ ನಿಂತಿತು, ಟಿವಿ ಆರಿತು. ಉಪ್ಪರಿಗೆಯಿಂದ ಅತ್ತಿಗೆಯ ಮಾತು ನಿಲ್ಲದೆ ಕೇಳಿಸುತ್ತಲೇ ಇತ್ತು. ಐದು ನಿಮಿಷ ಬಿಟ್ಟು ಸ್ವಿಚ್ ಏರಿಸಿ ಎಲ್ಲ ಕಂಪ್ಯೂಟರಿನ ವಿಳಾಸ ನೋಡಿದೆ. ಎಲ್ಲವೂ 192.168.1ರಲ್ಲೇ ಇದ್ದವು.

ಬಾಕಿ ಉಳಿದದ್ದು ಅಂಗಳದ ಕ್ಯಾಮೆರಾ. ಅದಕ್ಕೆ ಮೈನಸ್ 79 ಬರುತ್ತಿದೆ, ರಾತ್ರಿ ಮಳೆ ಜೋರಾದರೆ ಚಿತ್ರ ಒಡೆಯುತ್ತದೆ. ಅಲ್ಲಿಗೆ ನೆಲದಡಿ ಪೈಪ್ ಹಾಕಿ ಕೇಬಲ್ ಎಳೆಯಬೇಕು. ಈಗ ನೆಲ ಅಗೆದರೆ ನೀರೇ ಬರುತ್ತದೆ. ದೀಪಾವಳಿಗೆ ಬಂದಾಗ, ಅಡಿಕೆ ಕೊಯ್ಲು ಜೋರಾಗುವ ಮೊದಲು ಮಾಡುವುದು ಅಂತ ಅಣ್ಣನೂ ನಾನೂ ಅಳತೆ ತೆಗೆದು ಬರೆದಿಟ್ಟಿದ್ದೇವೆ: 34 ಮೀಟರ್.